ಹಯಾತಸಾಬರ ಬಂಗಾರದ ಗಿಡ ಮತ್ತು ಅಂಗಳದ ಬೇವು

ಸವಣೂರಿನ ಅಂಚಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಯಾತಸಾಬರು ಅಂಗಳದ ಮರಕ್ಕೆ ಏಣಿ ಹಾಕಿ, ಕೊಂಬೆಯೊಂದಕ್ಕೆ ಒದ್ದೆ ಪಾಚಿ ಸುತ್ತುತ್ತಿದ್ದಾರೆ. ಸುತಳಿಯ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ನನ್ನ ನಮಸ್ಕಾರಕ್ಕೆ ತಲೆಯಾಡಿಸುತ್ತಾರೆ, ಅಷ್ಟೆ. ಗಂಟು ಬಿಗಿದು ಕೆಳಗಿಳಿದ ಮೇಲೆ ಆಡುವ ಮೊದಲ ಮಾತು ಇದು: "ಇವತ್ತ ಬೇವು ಕಡಿಯಾಕ ಮೈಲಾರಲಿಂಗ ಬರ್ತಾನ್ರಿ. ಅವ ಬರೂದ್ರಾಗ ಒಂದ ಕಪ್ಪ ಚಾ ಕುಡಿಯೂಣು, ಕುಂತ್ರಿ."

ಅಂಗಳದಲ್ಲಿರುವುದು ಎರಡೇ ಮರ. ಒಂದು ಬೇವು. ಇನ್ನೊಂದನ್ನು ನೋಡಲೆಂದೇ ನಾನು ಬಂದದ್ದು. ಆಲದ ಜಾತಿಯದು, ಎಲೆ ಮಾತ್ರ ಹಸಿರಲ್ಲ, ಬಿಸಿಲು ಬಿದ್ದಲ್ಲೆಲ್ಲ ಮಿರುಗುವ ಹಳದಿ. ನರ್ಸರಿಯವರು ಗೋಲ್ಡನ್ ಫೈಕಸ್ ಎನ್ನುತ್ತಾರೆ, ಈ ಕಡೆಯ ಜನಕ್ಕೆ ಅದು 'ಸಾಬರ ಬಂಗಾರದ ಗಿಡ'. ಬಹಳ ಮಂದಿ ಇದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಬೇಲಿ ಮಾಡಿ ಮುಗಿಸುತ್ತಾರೆ. ಹಯಾತಸಾಬರು ಅದನ್ನು ಮರವಾಗಲು ಬಿಡುತ್ತಾರೆ. ಮನೆಮುಂದೆ ಕುರ್ಚಿ ಹಾಕಿಕೊಂಡು ಕೂರುವಷ್ಟು ನೆರಳು ಕೊಡುವ ಮರ. ಶಿಗ್ಗಾವಿಯಲ್ಲೋ ಹಾನಗಲ್ಲಿನಲ್ಲೋ ಹೊಸ ಮನೆಯೊಂದರ ಮುಂದೆ ಅಂಥದ್ದು ಕಂಡರೆ ಅದರ ತಾಯಿ ಬಹುಶಃ ಈ ಅಂಗಳದಲ್ಲೇ ಇದೆ.

ತಾಯಿಮರದ ಕೊಂಬೆಯಲ್ಲಿ ಬಳೆಯಷ್ಟಗಲ ತೊಗಟೆ ಬಿಡಿಸಿ, ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಕಟ್ಟಿದರೆ ಮಳೆಗಾಲದಲ್ಲಿ ಅಲ್ಲೇ ಬೇರು ಬಿಡುತ್ತದೆ. ಇದೇ ಗೂಟಿ. ಬೇರು ಬಿಟ್ಟ ಗೂಟಿಯನ್ನು ಕತ್ತರಿಸಿ, ಚೀಲದ ಮಣ್ಣಲ್ಲಿ ಬೆಳೆಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಮೇಲಿಟ್ಟುಕೊಂಡು ಹೋಗಿ, ಗೋಡೆಗೆ ಬೇರು ತಾಗದಷ್ಟು ದೂರದಲ್ಲಿ ತಾವೇ ಗುಂಡಿ ತೋಡಿ ನೆಟ್ಟು ಬರುತ್ತಾರೆ. ಅವರ ಒಲೆ ಉರಿಯುವುದು ಇದರಿಂದಲೇ.

ಅವರ ತಂದೆ ಸವಣೂರಿನ ವೀಳ್ಯದೆಲೆ ತೋಟಗಳಲ್ಲಿ ದುಡಿದವರು. ಎಲೆಯ ಬಣ್ಣ ನೋಡುವ ಕಣ್ಣು ಅಲ್ಲಿಂದಲೇ ಬಂದದ್ದು. "ಎಲಿಬಳ್ಳಿಗೆ ನೆಳ್ಳು ಬೇಕ್ರಿ, ಇದಕ್ಕ ಬಿಸಲ ಬೇಕು," ಎನ್ನುತ್ತಾರೆ. "ಬಾಜೂಕ ಇನ್ನೊಂದ ಗಿಡ ಬೆಳದು ನೆಳ್ಳು ಬಿತ್ತಂದ್ರ ಎಲಿ ಹಸರ ಆಗ್ತಾವು, ಟೊಂಗಿ ಸಣಕಲ ಆಗ್ತಾವು. ಒಂಟಿ ನಿಂತ್ರನ ಬಂಗಾರ." ಹೇಳುವಾಗ ಅವರ ಕಣ್ಣು ಬೇವಿನ ಮೇಲಿದೆ.

ಜನರಿಗೆ ಈ ಮಾತು ತಿಳಿಸುವುದರಲ್ಲೇ ಅವರ ಅರ್ಧ ಆಯುಷ್ಯ ಹೋಗಿದೆ. ಗೋವಿನಜೋಳ ಬೆಳೆಯುವ ಸೀಮೆ ಇದು. ಎಲೆ ಹಳದಿಯಾಯಿತೆಂದರೆ ಬೆಳೆಗೆ ಹಸಿವಾಗಿದೆ ಎಂದೇ ಲೆಕ್ಕ. ಹಿರೇಕೆರೂರಿನ ಸುಶೀಲವ್ವ ಬಂಗಾರದ ಗಿಡ ನೆಡಿಸಿಕೊಂಡ ವರ್ಷ, ಪಾಪ ಸೊರಗಿದೆ ಅಂತ ಬೊಗಸೆಗಟ್ಟಲೆ ಯೂರಿಯಾ ಸುರಿದರಂತೆ. ಗಿಡ ಸೀದು ಅರ್ಧ ಎಲೆ ಉದುರಿತು. "ರೋಗದ ಗಿಡ ಕೊಟ್ಟೀರಿ ಅಂತ ಬಜಾರದಾಗ ನಿಂದ್ರಿಸಿ ಬೈದ್ರು ನೋಡ್ರಿ ಆ ಅಕ್ಕಾರು!" ಹಯಾತಸಾಬರು ನಗುತ್ತಾರೆ. ಆ ಮುಂಜಾನೆ ನಾನು ಕಂಡ ಒಂದೇ ನಗು ಅದು.

ಬೇವಿನ ಕಥೆಗೆ ನಗು ಬರುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಬದಿಯಲ್ಲಿ ತಾನಾಗಿ ಹುಟ್ಟಿದ ಸಸಿ ಅದು. ಕೀಳಲು ಹೋದಾಗ ಹೆಂಡತಿ ಮರಿಯಮಬಿ ಅಡ್ಡ ನಿಂತರು. "'ನಿಮ್ಮ ಬಂಗಾರ ಎಲ್ಲಾ ಮಂದಿ ಮನಿಗೆ ಹೊಕ್ಕೈತಿ. ಈ ಬೇವು ನನಗಿರ್ಲಿ' ಅಂದ್ಳ್ರಿ ಅಕಿ." ಬಟ್ಟೆ ಒಗೆದ ನೀರೆಲ್ಲ ಬೇವಿಗೆ ಹೋಯಿತು. ಬೇವು ಮನೆಯ ಮಾಡು ದಾಟುವ ಹೊತ್ತಿಗೆ ಮರಿಯಮಬಿ ಕಾಯಿಲೆ ಬಿದ್ದರು, ಅದರ ಬುಡದಲ್ಲೇ ಹೊರಸು ಹಾಕಿಸಿಕೊಂಡು ಮಲಗಿದರು, ಹೋದರು. ಮಕ್ಕಳಿಲ್ಲ. ಹೊರಸು ಇನ್ನೂ ಅಲ್ಲೇ ಇದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ನನಗೂ ಪ್ಲಾಸ್ಟಿಕ್ ಕುರ್ಚಿಯನ್ನೇ ತಂದು ಹಾಕಿದರು.

ಈಗ ಬೇವಿನ ನೆರಳು ತಾಯಿಮರದ ಮೇಲೆ ಬೀಳುತ್ತಿದೆ. ಮೂಡಣ ದಿಕ್ಕಿನ ಕೊಂಬೆಗಳೆಲ್ಲ ಹಸಿರು. ಕಳೆದ ಮಳೆಗಾಲದಲ್ಲಿ ಅಲ್ಲಿ ಕಟ್ಟಿದ ಗೂಟಿ ಒಂದೂ ಸರಿಯಾಗಿ ಬೇರು ಬಿಡಲಿಲ್ಲ. ಗಿಡ ಕೊಳ್ಳಲು ಬಂದವರು ಅಂಗಳದಲ್ಲಿ ನಿಂತು, ಬಂಗಾರ ಎಲ್ಲಿದೆ ಎಂದು ಕೇಳಿ ಹೋಗುತ್ತಾರೆ. ಬೇವು ಉಳಿದರೆ ಹಯಾತಸಾಬರ ಕಸುಬು ಉಳಿಯುವುದಿಲ್ಲ, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಬಿಸಿಲೇರುವಾಗ ಮೈಲಾರಲಿಂಗ ಕೊಡಲಿ ಹೊತ್ತು ಬರುತ್ತಾರೆ. ಚಾ ಕುಡಿದು, ಬೇವಿನ ಬುಡಕ್ಕೊಮ್ಮೆ ಕೈ ಆಡಿಸಿ, "ಕಡೀಲೇನ್ರಿ ಸಾಬ್ರ?" ಎನ್ನುತ್ತಾರೆ.

ಹಯಾತಸಾಬರು ಹೊರಸನ್ನು ಎತ್ತಿ ಈಚೆಗಿಡಲು ಹೋಗುತ್ತಾರೆ. ಒಂದು ತುದಿ ಎತ್ತಿದವರು ಹಾಗೆಯೇ ನಿಲ್ಲುತ್ತಾರೆ, ಮೆಲ್ಲಗೆ ಇದ್ದಲ್ಲೇ ಇಳಿಸುತ್ತಾರೆ. "ಬ್ಯಾಡ ಬಿಡಪ್ಪಾ."

"ಹ್ವಾದ ವರ್ಸಾನೂ ಹಿಂಗ ಚಾ ಕುಡಿಸಿ ಕಳಿಸಿದ್ರು," ಎಂದು ಮೈಲಾರಲಿಂಗ ನನ್ನ ಕಡೆ ತಿರುಗಿ ಹೇಳುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಕೊಡಲಿಯನ್ನು ಮತ್ತೆ ಹೆಗಲಿಗೇರಿಸುತ್ತಾರೆ.

ನಾನು ಸುಮ್ಮನಿರಲಾರದೆ ಕೇಳುತ್ತೇನೆ: ಹೊಟ್ಟೆಪಾಡಿಗೇನು ಮಾಡುತ್ತೀರಿ? ಅವರು ಪಾಚಿಯ ಚೀಲ, ಸುತಳಿ, ಚಾಕುವನ್ನು ಕೈಚೀಲಕ್ಕೆ ತುಂಬಿಕೊಳ್ಳುತ್ತಾರೆ. "ಹಿರೇಕೆರೂರಿಗೆ ಹೊಂಟೇನಿ. ಬರ್ತೀರೇನು?"

ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋಗುವಷ್ಟು ಹೊತ್ತೂ ಅವರು ಕಿಟಕಿಯಾಚೆ ನೋಡುತ್ತಾರೆ. ಸುಶೀಲವ್ವನ ಮನೆಮುಂದೆ ಇಳಿದು ನಾನು ತಲೆಯೆತ್ತಿ ನೋಡುತ್ತೇನೆ. ಯೂರಿಯಾ ತಿಂದು ಸೀದಿದ್ದ ಆ ಗಿಡ ಈಗ ಮಾಳಿಗೆಯೆತ್ತರದ ಮರ. ಸುತ್ತ ಇನ್ನೊಂದು ಕಡ್ಡಿ ಗಿಡವಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬುಡದಿಂದ ತುದಿಯವರೆಗೆ ಬಂಗಾರ.

ಹಯಾತಸಾಬರು ಗೇಟಿನ ಹೊರಗೇ ನಿಂತು ಕೇಳುತ್ತಾರೆ: "ಅಕ್ಕಾರ, ಇದರಾಗ ಗೂಟಿ ಕಟ್ಟಾಕ ಬರ್ಲೇನ್ರಿ? ಮಳಿಗಾಲಕ್ಕಷ್ಟ." ಕೊಟ್ಟ ಗಿಡವನ್ನು ಕೇಳಿಕೊಂಡು ಬಂದವರ ಸಂಕೋಚ ಮುಖದ ಮೇಲೆಲ್ಲ ಇದೆ.

"ನೀವ ಹಚ್ಚಿದ ಗಿಡ, ನನ್ನನ್ನೇನ ಕೇಳ್ತೀರಿ? ಬರ್ರಿ ಒಳಗ," ಎಂದು ಸುಶೀಲವ್ವ ಗೇಟು ತೆಗೆದು ಏಣಿ ತರುತ್ತಾರೆ. ಹಯಾತಸಾಬರು ಮೇಲೆ ಹತ್ತಿ ಮೊದಲ ಕೊಂಬೆಗೆ ಚಾಕು ಹಾಕುವಾಗ ಆಕೆ ಕೆಳಗಿನಿಂದ ಕೇಳುತ್ತಾರೆ: "ಅಲ್ರಿ ಸಾಬ್ರ, ನಿಮ್ಮ ಮನಿಯಾಗಿನ ದೊಡ್ಡ ಗಿಡಕ್ಕ ಏನಾತು?"

ಹಯಾತಸಾಬರು ಸುತಳಿಯನ್ನು ಹಲ್ಲಿನಿಂದ ಬಿಡಿಸಿಕೊಳ್ಳುತ್ತಾರೆ.

"ಅದು ಹಸರ ಆಗಾಕತ್ತೈತ್ರಿ ಅಕ್ಕಾರ. ಅದಕ್ಕ ಜೋಡಿ ಸಿಕ್ಕೈತಿ."