ಮೇಡಮ್ಮನಿಗೆ ಬರೆದ ಯುದ್ಧದ ಕಾಗದಗಳು

ಸತ್ತವರ ಮುಖ ಬರೆಯುವುದರಲ್ಲಿ ಚನ್ನಪಟ್ಟಣದ ರಾಧಾಮಣಿಗೆ ಸಾಟಿಯಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಚಿಕ್ಕ ಅಂಗಡಿ. ತಿಥಿ ಹತ್ತಿರ ಬಂದಾಗ ಜನ ವೋಟರ್ ಕಾರ್ಡನ್ನೋ, ಯಾರದೋ ಮದುವೆಯ ಗುಂಪಿನ ಫೋಟೊವನ್ನೋ ಹಿಡಿದು ಬರುತ್ತಿದ್ದರು. ಅದರಲ್ಲಿ ಹೆಬ್ಬೆರಳ ಉಗುರಿನಷ್ಟಿದ್ದ ತಾತನನ್ನು ಅವಳು ದೊಡ್ಡ ಕ್ಯಾನ್ವಾಸಿನ ಮೇಲೆ ಕೂರಿಸಿ ಕೊಡುತ್ತಿದ್ದಳು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ಪ್ರಿಂಟ್ ಹಾಕಿಸಿದರೆ ಅಗ್ಗ, ನಿಜ. ಆದರೆ ಅಲ್ಲಿ ಎಲ್ಲರ ತಾತಂದಿರೂ ಒಂದೇ ಥರ ಬೆಳ್ಳಗೆ, ನುಣ್ಣಗೆ ಆಗಿಬಿಡುತ್ತಾರೆಂದು ಗೊಣಗಿಕೊಂಡು ಕೆಲವರು ಇನ್ನೂ ಅವಳ ಬಳಿಗೇ ಬರುತ್ತಿದ್ದರು.

ಅವಳ ತಂದೆ ದೊಡ್ಡಮಳೂರಿನ ಗಂಗಹನುಮಯ್ಯ ಲಾರಿಗಳಿಗೆ, ಅಂಗಡಿ ಬೋರ್ಡುಗಳಿಗೆ ಬಣ್ಣ ಬರೆಯುತ್ತಿದ್ದವನು. ಕುಂಚ ಹಿಡಿಯುವುದನ್ನೂ, ಹೊಗಳಿ ಬದುಕುವವರನ್ನು ಕಂಡರೆ ಮೂಗು ಮುರಿಯುವುದನ್ನೂ ಮಗಳು ಅವನಿಂದಲೇ ಕಲಿತಿದ್ದಳು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡ. ಸ್ಟುಡಿಯೋದವನು ಅವನ ಫೋಟೊ ತಿದ್ದಿ ಸಿನಿಮಾ ನಟನಂತೆ ಮಾಡಿ ಕೊಟ್ಟಾಗ ರಾಧಾಮಣಿ ಅದನ್ನು ಮೂಲೆಗೆ ಎಸೆದು ತಾನೇ ಬರೆಯಲು ಕೂತಳು. ಒಂದರ ಮೇಲೊಂದು ಹತ್ತಿದ ಹಲ್ಲು, ಸಿಡುಬಿನ ಕಲೆ, ಎಲ್ಲವೂ ಪಟದಲ್ಲಿ ಬಂದವು. ಅತ್ತೆ ಅದರ ಮುಂದೆ ಕೂತು, "ಇವ್ನೇ ಕಣವ್ವ, ಇವ್ನೇ ನನ್ ಮಗ" ಎಂದು ಅತ್ತಳು. ಅಂದಿನಿಂದ ಸತ್ತವರ ಮುಖ ಬರೆಯುವುದೇ ರಾಧಾಮಣಿಯ ಕಸುಬಾಯಿತು.

ಐವತ್ತು ದಾಟಿದ ಮೇಲೆ ಅವಳಿಗೆ ಒಂದೇ ಒಂದು ಕೊರಗಿತ್ತು. ಅವಳು ಬರೆದ ಪಟಗಳನ್ನು ಯಾರೂ ನೋಡುತ್ತಿರಲಿಲ್ಲ, ಪೂಜಿಸುತ್ತಿದ್ದರು. ಗಾಜಿನ ಮೇಲೆ ಕುಂಕುಮ, ಸುತ್ತ ಪ್ಲಾಸ್ಟಿಕ್ ಹಾರ, ಮೇಲೊಂದು ಮಿಣುಕು ದೀಪ. ತನ್ನದೊಂದು ಪಟವನ್ನು ಹಾರವಿಲ್ಲದ ಗೋಡೆಯ ಮೇಲೆ ತೂಗುಹಾಕಿ ನಾಲ್ಕು ಜನ ನಿಂತು ನೋಡಬೇಕೆಂಬ ಆಸೆ ಅವಳೊಳಗಿತ್ತು. ಆ ಆಸೆಯೇ ಅವಳನ್ನು ಭಾನುಪ್ರಿಯ ಮೇಡಮ್ಮನ ಬಾಗಿಲಿಗೆ ಕೊಂಡೊಯ್ದದ್ದು.

ಭಾನುಪ್ರಿಯ ಮೇಡಂ ಮಾಗಡಿ ಕಡೆಯ ಬಂಡೆಗಳ ನಡುವೆ ರೆಸಾರ್ಟು ಕಟ್ಟಿಸಿದ್ದ ಉದ್ಯಮಿಯೊಬ್ಬನ ಹೆಂಡತಿ. ಮಂತ್ರಿಗಳು ಅವಳ ಮನೆಗೆ ಊಟಕ್ಕೆ ಬರುತ್ತಿದ್ದರು, ಪತ್ರಿಕೆಯವರು ಅವಳನ್ನು ಕಲಾಪೋಷಕಿ ಎನ್ನುತ್ತಿದ್ದರು. ಅವಳು ಪೋಷಿಸಿದ ಕಲೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಗಡಿಯಲ್ಲಿ ಯುದ್ಧ ಶುರುವಾದ ಆ ಬೇಸಿಗೆಯಲ್ಲಿ ಅವಳಿಂದ ಜಿಲ್ಲೆಯ ಕಲಾವಿದರಿಗೆಲ್ಲ ಕೆನೆಬಣ್ಣದ ದಪ್ಪ ಹಾಳೆಯಲ್ಲಿ ಒಂದು ಕಾಗದ ಬಂತು. "ಈ ಘೋರ ಘಳಿಗೆಯಲ್ಲಿ ಕಲಾವಿದರ ಎದೆಬಡಿತವನ್ನು ದಾಖಲಿಸಬೇಕಾಗಿದೆ. ನಿಮ್ಮ ಮನದಾಳವನ್ನು ಕೈಬರಹದಲ್ಲೇ ನನಗೆ ಬರೆಯಿರಿ. ಪತ್ರಗಳನ್ನು ಪುಸ್ತಕವಾಗಿ ತರುತ್ತೇನೆ" ಎಂದಿತ್ತು. ಎದೆಬಡಿತ ಕಳಿಸಲು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಜೊತೆಗಿಟ್ಟಿದ್ದಳು.

ರಾಮನಗರದ ಕಲಾವಿದರ ಬಳಗದ ಕಾರ್ಯದರ್ಶಿ ಜಯಕುಮಾರ್ ಮಾರನೆಯ ದಿನವೇ ರಾಧಾಮಣಿಯ ಅಂಗಡಿಗೆ ಓಡಿಬಂದ. ಬಳಗದ ಕೆಲಸವೆಂದರೆ ವರ್ಷಕ್ಕೊಮ್ಮೆ ಯಾರಿಗಾದರೂ ಸನ್ಮಾನ ಮಾಡುವುದು. ಯಾರಿಗೆ ಎಂಬುದನ್ನು ಜಯಕುಮಾರನ ಮೂಗು ನಿರ್ಧರಿಸುತ್ತಿತ್ತು. ಅಧಿಕಾರ ಎಲ್ಲಿದೆಯೋ ಅತ್ತ ತಿರುಗುವ ಮೂಗು ಅದು. ಪಕ್ಕದ ಹೋಟೆಲಿನಲ್ಲಿ ರಾಧಾಮಣಿಯ ಎದುರಿಗೆ ಕೂತು ತಟ್ಟೆ ಇಡ್ಲಿ ತಿನ್ನುತ್ತಲೇ ಅವನು ತಾನು ಬರೆದದ್ದನ್ನು ಓದಿದ.

"ಮಾತೃಸಮಾನರಾದ ಮೇಡಂ ಅವರ ಪಾದಾರವಿಂದಗಳಿಗೆ... ನಿದ್ದೆಯಿಲ್ಲ. ಅನ್ನ ಸೇರುತ್ತಿಲ್ಲ. ಕುಂಚ ಎತ್ತಿದರೆ ಅದು ಬಂದೂಕಾಗುತ್ತದೆ..." ಇಲ್ಲಿ ನಿಲ್ಲಿಸಿ, ಮಾಣಿಯನ್ನು ಕರೆದು ಇನ್ನೊಂದು ಪ್ಲೇಟ್ ಹೇಳಿದ.

"ಅನ್ನ ತಾನೆ ಸೇರ್ದೇ ಇರೋದು, ಇಡ್ಲಿ ಸೇರ್ತದೆ ಬುಡು" ಎಂದಳು ರಾಧಾಮಣಿ.

"ತಮಾಸೆ ಮಾಡ್ಬ್ಯಾಡ ರಾಧಕ್ಕ. ನೀನೂ ಒಂದು ಬರಿ. ಬೆಂಗ್ಳೂರ್ನಾಗೆ ದೊಡ್ಡ ಗ್ಯಾಲರಿನಲ್ಲಿ ಎಗ್ಜಿಬಿಷನ್ನೂ ಮಾಡ್ಸ್ತಾರಂತೆ."

ಗ್ಯಾಲರಿ ಎಂಬ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಅಂಗಡಿಗೆ ಬಂದು ಬರೆದಳು: "ನಾನು ಮುಖ ಬರೆಯುವವಳು. ಯುದ್ಧದ ಬಗ್ಗೆ ನನಗೇನೂ ಗೊತ್ತಿಲ್ಲ. ಯಾರದಾದರೂ ಮುಖ ಬರೆಯಬೇಕಿದ್ದರೆ ಹೇಳಿಕಳಿಸಿ." ಹೆಗಲ ಮೇಲಿಂದ ಇಣುಕುತ್ತಿದ್ದ ಜಯಕುಮಾರ್ ಅಷ್ಟಕ್ಕೇ ಬಿಡಲಿಲ್ಲ. ಅವನು ಹೇಳಿಕೊಟ್ಟಂತೆ "ತಮ್ಮಂಥ ಕಲಾಮಾತೆಯ ಕೃಪೆ ಇರಲಿ" ಎಂದೂ ಸೇರಿಸಿದಳು. ಸೇರಿಸಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೂಗು ಮುರಿಯಲು ಅಪ್ಪ ಬದುಕಿರಲಿಲ್ಲ, ಅದೊಂದು ಪುಣ್ಯ ಅನ್ನಿಸಿತು.

ಈ ಕಾಗದಗಳೆಲ್ಲ ಅಂಚೆಯಲ್ಲಿ ತೆವಳಿಕೊಂಡು ಮೇಡಮ್ಮನನ್ನು ತಲುಪುವ ಹೊತ್ತಿಗೆ ಯುದ್ಧವೇ ನಿಂತುಹೋಗಿತ್ತು. ಕಲಾವಿದರ ಎದೆಬಡಿತ ಮಾತ್ರ ನಿಲ್ಲಲಿಲ್ಲ. ಒಬ್ಬ ಎರಡನೆಯ ಕಾಗದ ಬರೆದನೆಂದು ಇನ್ನೊಬ್ಬ ಮೂರನೆಯದು ಬರೆದ. ಯುದ್ಧ ನಡೆಯುವಾಗ ಸುಮ್ಮನಿದ್ದವರಿಗೂ ಈಗ ನಿದ್ದೆ ಬಾರದಾಯಿತು.

ರಾಧಾಮಣಿಗೆ ಉತ್ತರ ಬಂತು. ಕೂಟಗಲ್ಲಿನ ಮಹೇಂದ್ರ ಎಂಬ ಸೈನಿಕ ಗಡಿಯಲ್ಲಿ ಗಾಯಗೊಂಡು ರಜೆಯ ಮೇಲೆ ಮನೆಗೆ ಬಂದಿದ್ದಾನೆ, ಅವನ ಚಿತ್ರ ಬರೆದುಕೊಡಬೇಕು, ಪುಸ್ತಕ ಬಿಡುಗಡೆಯ ದಿನ ಅನಾವರಣ, ಆಮೇಲೆ ಬೆಂಗಳೂರಿನ ಗ್ಯಾಲರಿ ಎಂದು ಮೇಡಂ ಬರೆದಿದ್ದಳು. ಇಷ್ಟು ವರ್ಷಗಳಲ್ಲಿ ಬದುಕಿರುವವರ ಮುಖ ಬರೆಯಲು ರಾಧಾಮಣಿಯನ್ನು ಯಾರೂ ಕೇಳಿರಲಿಲ್ಲ.

ರಾಮನಗರಕ್ಕೆ ಹೋಗಿ ಅಲ್ಲಿಂದ ಕೂಟಗಲ್ಲಿಗೆ ಬಸ್ಸು ಹಿಡಿದಳು. ಮಹೇಂದ್ರ ಜಗಲಿಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಕೂತಿದ್ದ. ತಾಯಿ ನಾಗಲಕ್ಷ್ಮಮ್ಮ ಕಾಫಿ ತಂದಿಟ್ಟು ಪಕ್ಕದಲ್ಲೇ ನಿಂತಳು.

"ಗುಂಡು ತಗುಲ್ತೇನಪ್ಪ ಕಾಲಿಗೆ?" ರಾಧಾಮಣಿ ಕೇಳಿದಳು.

ಅವನು ನಾಚಿಕೊಂಡ. "ಗುಂಡಲ್ಲ ಕಣಕ್ಕ. ನಾನು ಅಡುಗೆಯವ್ನು. ಒಸಿ ದೂರದಾಗೆ ಶೆಲ್ ಬಿತ್ತು. ಒಲೆ ಮ್ಯಾಗಿದ್ದ ಬೇಳೆ ಹಂಡೆ ಮಗುಚ್ಕೊಂಡು ಕಾಲ್ ಮ್ಯಾಲೆ ಬಂತು. ಇಡೀ ತುಕಡಿಗೆ ಮಾಡಿದ್ದ ಬೇಳೆ."

"ಅದ್ನೆಲ್ಲ ಯಾಕ್ಲಾ ಹೇಳೀಯೆ?" ತಾಯಿ ಸಿಡುಕಿದಳು. ಮಗ ಒಳಗೆ ಹೋದ ಮೇಲೆ ರಾಧಾಮಣಿಯ ಹತ್ತಿರ ಸರಿದು ಕೂತು ದನಿ ತಗ್ಗಿಸಿದಳು. "ಕೈಯಾಗೆ ಒಂದು ಬಂದೂಕ ಬರ್ದ್ಬುಡವ್ವ. ಬೈರಾಪಟ್ಟಣದಾಗೆ ಹೆಣ್ಣು ನೋಡಿವ್ನಿ. ಸೌಟು ಹಿಡಿಯೋನು ಅಂದ್ರೆ ಯಾರು ಕೊಟ್ಟಾರು?"

ರಾಧಾಮಣಿಗೆ ಆ ತಾಯಿಯ ಮೇಲೂ ತಾತ್ಸಾರ ಬಂತು. ಸೈನ್ಯಕ್ಕೆ ಅನ್ನ ಹಾಕುವ ಮಗನಿಗೆ ನಾಚುವ ಇವಳು ದಿನವೂ ಒಲೆಯ ಮುಂದೆ ನಿಲ್ಲುವವಳೇ ತಾನೆ! ಮಹೇಂದ್ರ ಮರಳಿ ಬಂದು ಕೂತಾಗ ಪೆನ್ಸಿಲ್ ತೆಗೆದಳು. ಆಮೇಲೂ ಕೆಲವು ಸಲ ಬಂದು ಕೂತು ಅವನ ಮುಖ ಬರೆದಳು. ಅಗಲ ಹಣೆ, ಒಲೆಯ ಝಳಕ್ಕೆ ಕೆಂಪಡರಿದ ಕಣ್ಣು, ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎರಡು ಖಾಲಿ ಕೈ. ಮುಗಿದಾಗ, ತಾನು ಈವರೆಗೆ ಬರೆದದ್ದರಲ್ಲೆಲ್ಲ ಇದೇ ಚೆನ್ನ ಎಂದು ಅವಳಿಗೇ ಗೊತ್ತಾಯಿತು.

ಅದರ ಫೋಟೊ ನೋಡಿ ಮೇಡಂ ಮತ್ತೆ ದಪ್ಪ ಹಾಳೆಯಲ್ಲಿ ಬರೆದಳು. "ಚಿತ್ರ ಸೊಗಸಾಗಿದೆ. ಆದರೆ ವೀರನ ಕಣ್ಣಲ್ಲಿ ಕಿಚ್ಚು ಕಾಣುತ್ತಿಲ್ಲ. ಕೈಯಲ್ಲಿ ಆಯುಧವಿರಲಿ. ಮೀಸೆ ತುಸು ಹುರಿಯಾಗಲಿ. ಮೈಬಣ್ಣವನ್ನೂ ಸ್ವಲ್ಪ ತಿಳಿಯಾಗಿಸಿದರೆ ಒಳಿತು."

ರಾಧಾಮಣಿ ಈ ಸಲ ಯಾರನ್ನೂ ಕೇಳದೆ ಉತ್ತರ ಬರೆದಳು: "ಇವನು ಅಡುಗೆಯವನು. ಶೆಲ್ ಬಿದ್ದಾಗ ಬೇಳೆ ಬೇಯಿಸುತ್ತಿದ್ದ. ಬಂದೂಕು ಬೇಕಿದ್ದರೆ ಬಂದೂಕು ಹಿಡಿದವನನ್ನು ಹುಡುಕಿಕೊಳ್ಳಿ. ಈ ಮುಖ ಇರುವುದು ಹೀಗೆ. ಇದಕ್ಕೆ ಸುಳ್ಳು ಅಂಟಿಸಲು ನನ್ನ ಕೈ ಬರುವುದಿಲ್ಲ."

ಮೇಡಮ್ಮನ ಮನೆಯಿಂದ ಒಂದು ಕಾರು ಬಂದು ಪಟವನ್ನು ಹೊತ್ತುಕೊಂಡು ಹೋಯಿತು. ಒಪ್ಪಿಕೊಂಡಳೆಂದೇ ರಾಧಾಮಣಿ ತಿಳಿದಳು. ಈ ಹೆಂಗಸನ್ನು ನಾನು ಸುಮ್ಮನೆ ಕೀಳಾಗಿ ಕಂಡೆನೇನೋ ಎಂದು ಅರೆಗಳಿಗೆ ಅನ್ನಿಸಿತು ಕೂಡ.

ಬಿಡುಗಡೆಯ ಸಮಾರಂಭ ರೆಸಾರ್ಟಿನ ಹುಲ್ಲುಹಾಸಿನ ಮೇಲೆ. ಕಲಾವಿದರೆಲ್ಲ ಖಾದಿ ಜುಬ್ಬಾ ತೊಟ್ಟು, ಯುದ್ಧ ಗೆದ್ದು ಬಂದವರಂತೆ ಮುಂದಿನ ಸಾಲುಗಳಲ್ಲಿ ಕೂತಿದ್ದರು. ಯಾರು ಮೇಡಮ್ಮನಿಗೆ ಹತ್ತಿರದ ಕುರ್ಚಿಯಲ್ಲಿ ಕೂರಬೇಕೆಂಬ ವಿಷಯಕ್ಕೆ ಇಬ್ಬರು ಶಿಲ್ಪಿಗಳ ನಡುವೆ ಆಗಲೇ ಸಣ್ಣ ಕದನವೊಂದು ನಡೆದಿತ್ತು. ವೇದಿಕೆಯ ಮೇಲೆ ಮಹೇಂದ್ರ ಊರುಗೋಲು ಹಿಡಿದು, ಯಾವುದೋ ಮದುವೆಗೆ ತಪ್ಪಿ ಬಂದವನಂತೆ ಮುದುಡಿಕೊಂಡಿದ್ದ.

ಪುಸ್ತಕ ಹಂಚಿದರು. ರಾಧಾಮಣಿ ತನ್ನ ಪುಟ ಹುಡುಕಿದಳು. ಎರಡು ಕಾಗದಗಳನ್ನೂ ಕತ್ತರಿಸಿ ಒಂದಾಗಿ ಹೊಲಿದಿದ್ದರು: "ಮುಖ ಬರೆಯುವವಳು... ಈ ಮುಖ... ನನ್ನ ಕೈ... ತಮ್ಮಂಥ ಕಲಾಮಾತೆಯ ಕೃಪೆ ಇರಲಿ." ಅವಳದಲ್ಲದ ಆ ಸಾಲೊಂದೇ ಇಡಿಯಾಗಿ ಉಳಿದಿತ್ತು.

ತಲೆಯೆತ್ತುವಷ್ಟರಲ್ಲಿ ಪರದೆ ಸರಿಸಿದರು. ಚಪ್ಪಾಳೆ. ಅವಳ ಮಹೇಂದ್ರನ ತೊಡೆಯ ಮೇಲೆ ಅಡ್ಡಲಾಗಿ ಒಂದು ಬಂದೂಕು ಬಿದ್ದಿತ್ತು. ಬಂದೂಕೆಂದು ಹೇಳಿದರೆ ಬಂದೂಕು, ಇಲ್ಲದಿದ್ದರೆ ಒನಕೆ. ಬೆರಳುಗಳು ಅದನ್ನು ಹಿಡಿದಿರಲೂ ಇಲ್ಲ. ಅಷ್ಟು ಕೆಟ್ಟದಾಗಿ ಕಬ್ಬಿಣ ಬರೆಯಬಲ್ಲವನು ಜಿಲ್ಲೆಯಲ್ಲಿ ಒಬ್ಬನೇ. ಅವಳು ತಿರುಗಿ ನೋಡಿದಳು. ಹಿಂದಿನ ಕುರ್ಚಿಯಲ್ಲಿ ಜಯಕುಮಾರ್ ತನ್ನ ಉಗುರುಗಳನ್ನು ಪರೀಕ್ಷಿಸಿಕೊಳ್ಳುತ್ತಿದ್ದ. ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಇನ್ನೂ ಹೋಗಿರಲಿಲ್ಲ.

ಅವಳ ಹೆಸರು ಕರೆದರು. ವೇದಿಕೆ ಹತ್ತಿದಾಗ ಹಸಿ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮೇಡಂ ಕ್ಯಾಮೆರಾದ ಕಡೆಗೆ ನಗುತ್ತ ಅವಳಿಗೆ ಜರಿಯಂಚಿನ ಶಾಲು ಹೊದಿಸಿದಳು. ರಾಧಾಮಣಿ ಕೈ ಮುಗಿಯಲಿಲ್ಲ. ಶಾಲನ್ನು ಹೆಗಲಿನಿಂದ ತೆಗೆದಳು, ಮುದ್ದೆ ಮಾಡಿದಳು, ಪಟದ ಹತ್ತಿರ ಹೋಗಿ ಹಿಡಿಯಿಂದ ನಳಿಗೆಯ ತುದಿಯವರೆಗೆ ಬಂದೂಕನ್ನು ಉಜ್ಜಿ ಒರೆಸಿದಳು. ಕೆಳಗಿನ ಬಣ್ಣ ಒಣಗಿ ಗಟ್ಟಿಯಾಗಿತ್ತು. ಮೇಲಿನದು ಕೆಸರಿನಂತೆ ಶಾಲಿಗೆ ಬಂತು. ಸಮಾಧಾನವಾಗುವಷ್ಟು ಒರೆಸಿ, ಆ ಶಾಲನ್ನು ಮಡಿಸಿ ಮೇಡಮ್ಮನ ಕೈಗೇ ಕೊಟ್ಟಳು.

"ಏನಿದು, ಏನು ಮಾಡ್ತಿದೀರಿ?" ಮೇಡಂ ತುಟಿಯ ನಗೆ ಕದಲಿಸದೆ ಪಿಸುಗುಟ್ಟಿದಳು.

"ನೀವು ಬರ್ಸಿದ್ದು ನಿಮ್ಗೇ ಕೊಟ್ಟೆ ಕಣಮ್ಮ. ಇಟ್ಕೊಳ್ಳಿ."

ಊರುಗೋಲಿನ ಮೇಲೆ ಬಾಗಿ ನಿಂತಿದ್ದ ಮಹೇಂದ್ರ ಒಬ್ಬನೇ ಗೊಳ್ಳೆಂದು ನಕ್ಕ. ನಿರೂಪಕ ಕಸುಬು ಬಲ್ಲವನು. ಮೈಕು ಎತ್ತಿ, "ಕಲಾವಿದೆ ಭಾವಪರವಶರಾಗಿದ್ದಾರೆ. ಜೋರಾದ ಚಪ್ಪಾಳೆ!" ಎಂದ. ಜುಬ್ಬಾಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವು. ಏನಕ್ಕೆಂದು ಕೇಳುವ ಅಭ್ಯಾಸ ಅವಕ್ಕಿರಲಿಲ್ಲ.

ಗೇಟಿನ ಬಳಿ ನಾಗಲಕ್ಷ್ಮಮ್ಮ ಅವಳನ್ನು ಅಡ್ಡಹಾಕಿದಳು. "ನಿಂಗೇನ್ ಅನ್ಯಾಯ ಮಾಡಿದ್ದೆ ನಾನು? ಬೀಗ್ರು ಬಂದು ಕೂತಿದ್ರು ಅಲ್ಲಿ. ನನ್ ಮಗನ ಮಾನ ಕಳ್ದ್ಬುಟ್ಟಲ್ಲ!"

ರಾಧಾಮಣಿ ತಲೆ ತಗ್ಗಿಸಿ ರಸ್ತೆಗೆ ಬಂದಳು.

ಮಾರನೆಯ ದಿನದ ಪತ್ರಿಕೆಯಲ್ಲಿ ಫೋಟೊ ಬಂದಿತ್ತು: "ವೀರಯೋಧನ ಚಿತ್ರವನ್ನು ಸನ್ಮಾನದ ಶಾಲಿನಿಂದ ಒರೆಸಿ ನಮಿಸಿದ ಕಲಾವಿದೆ." ಓದಿ ಅವಳು ಬಹಳ ಹೊತ್ತು ಒಬ್ಬಳೇ ನಕ್ಕಳು. ಮುಖಕ್ಕೆ ಉಗುಳಿದರೂ ತೀರ್ಥವೆಂದು ಅಚ್ಚು ಹಾಕುವ ಜನ ಇವರು. ಬಳಗದ ಆ ವರ್ಷದ ಸನ್ಮಾನ ಭಾನುಪ್ರಿಯ ಮೇಡಮ್ಮನಿಗೆ ಹೋಯಿತು. ಜಯಕುಮಾರ್ ಮೇಡಮ್ಮನ ಪ್ರತಿಷ್ಠಾನದ ಸಲಹೆಗಾರನಾದ. ಆಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ ಎದುರಾಗಿ, "ನಾನೇನು ಮಾಡ್ಲಿ ರಾಧಕ್ಕ, ಅವ್ರು ಬರಿ ಅಂದ್ರು" ಎಂದ. ಅವಳು ಅವನನ್ನು ದಾಟಿ ಬಸ್ಸು ಹತ್ತಿದಳು.

ಗ್ಯಾಲರಿಗೆ ಪಟ ಹೋಗಲೇ ಇಲ್ಲ. ಮೇಡಮ್ಮನ ಕಡೆಯವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾಧಾಮಣಿಯ ಅಂಗಡಿಯ ಮುಂದೆ ಇಳಿಸಿಹೋಗಿದ್ದರು. ತೊಡೆಯ ಮೇಲೆ ಬೂದು ಕಲೆಯೊಂದು ಉಳಿದಿತ್ತು. ಟರ್ಪೆಂಟೈನ್ ಹಚ್ಚಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಕಾಲು ವಾಸಿಯಾಗಿ ಮಹೇಂದ್ರ ತುಕಡಿಗೆ ಹೊರಡುವ ಮುಂಚೆ ಬಂದು ಪಟವನ್ನು ತನ್ನೊಂದಿಗೆ ಒಯ್ದ. "ಅಡುಗೆಮನೆಯಾಗೆ ಹಾಕ್ತೀನಿ ಅಕ್ಕ. ನಮ್ಮ ಹುಡುಗ್ರು ಊಟಕ್ಕೆ ಸಾಲಾಗಿ ನಿಂತಾಗ ನೋಡ್ಲಿ."

ಅವನು ಮುಂದಿನ ರಜೆಗೆ ಬಂದಾಗ ಬೈರಾಪಟ್ಟಣದ ಹೆಣ್ಣಿನ ಜೊತೆಗೇ ಮದುವೆಯಾಯಿತು. ನಾಗಲಕ್ಷ್ಮಮ್ಮ ರಾಧಾಮಣಿಯನ್ನು ಕರೆಯಲಿಲ್ಲ. ಮಹೇಂದ್ರನೇ ಫೋನು ಮಾಡಿ ಕರೆದ, ಅವಳು ಹೋದಳು. ಊಟದ ಪಂಕ್ತಿಯಲ್ಲಿ ಕೂತಾಗ ಪಾಯಸದ ಬಕೆಟ್ಟು ಹಿಡಿದು ಬಂದವಳು ನಾಗಲಕ್ಷ್ಮಮ್ಮನೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾಗಲಕ್ಷ್ಮಮ್ಮ ಒಂದು ಸೌಟು ಬಡಿಸಿ ಮುಂದೆ ಹೋದಳು.