ಆ ಹಸಿರು ಸಬ್ಬಸಿಗೆಯದಲ್ಲ

ಮೊಮ್ಮಗ ಕಕ್ಕ ಮಾಡಿದನೆಂದು ಆಸ್ಪತ್ರೆಯ ವರಾಂಡದಲ್ಲಿ ಸಕ್ಕರೆ ಹಂಚಿದವರನ್ನು ಕಂಡಿದ್ದೀರಾ? ಇಲ್ಲವೇ? ಹಾಗಾದರೆ ನೀವು ನನ್ನ ಹೆಂಡತಿಯನ್ನು ಕಂಡಿಲ್ಲ.

ಹೋದ ತಿಂಗಳು ನಮ್ಮ ಮಗಳು ಸರೋಜ ರಾಜಾಜಿನಗರದ ನಮ್ಮ ಮನೆಯಲ್ಲೇ ಹೆತ್ತಳು. (ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು.) ಗಂಡು ಮಗು, ಸುಖಪ್ರಸವ. ಮಾರನೇ ದಿನ ಬೆಳಿಗ್ಗೆ ಮಗು ವಾಂತಿ ಮಾಡಿತು. ಹಚ್ಚ ಹಸಿರು ವಾಂತಿ!

ನನ್ನ ಹೆಂಡತಿಗೆ ಒಂದಿಷ್ಟೂ ಗಾಬರಿಯಿಲ್ಲ. ಹಾಲು ಹೆಚ್ಚಲಿ ಎಂದು ಬಾಣಂತಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸಿದ್ದವಳು ಅವಳೇ. “ಸೊಪ್ಪಿನ ಬಣ್ಣ ಹಾಲಿಗೆ ಇಳಿದಿದೆ ಕಣ್ರೀ. ನಾಳೆ ಕಮ್ಮಿ ಹಾಕ್ತೀನಿ, ಸರಿಹೋಗತ್ತೆ” ಎಂದಳು. ಪಕ್ಕದ ಮನೆಯವರೂ ಹೌದೆಂದರು. ನಾನೂ ತಲೆಯಾಡಿಸಿದೆ. ಅಡುಗೆಮನೆಯ ವಿಷಯದಲ್ಲಿ ಗಂಡಸರ ಮಾತು ಎಲ್ಲಿ ನಡೆಯುತ್ತದೆ, ಹೇಳಿ?

ಮಧ್ಯಾಹ್ನ ಮತ್ತೆ ಅದೇ ಹಸಿರು. ಹೊಟ್ಟೆ ಉಬ್ಬಿತ್ತು. ಹುಟ್ಟಿದಾಗಿನಿಂದ ಕಕ್ಕ ಮಾಡಿ ಒಂದು ಬಟ್ಟೆಯನ್ನೂ ಕೊಳೆ ಮಾಡಿರಲಿಲ್ಲ. “ಡಾಕ್ಟರ ಹತ್ರ ಹೋಗೋಣ್ವೇ?” ಎಂದೆ.

“ಪುರುಡು ಕಳೆಯೋ ಮುಂಚೆ ಕೂಸು ಹೊಸಿಲು ದಾಟೋದೇ? ಚೆನ್ನಾಗಿದೆ!” ಎಂದು ಹೆಂಡತಿ ನನ್ನ ಬಾಯಿ ಮುಚ್ಚಿಸಿದಳು.

ಆಗ ಸರೋಜ ಅಳುತ್ತಾ ನಿಜ ಹೇಳಿದಳು. “ಅಪ್ಪಾ, ನಾನು ಆ ಸೊಪ್ಪನ್ನ ಬಾಯಿಗೇ ಇಟ್ಟಿಲ್ಲ. ನಂಗೆ ಅದರ ವಾಸನೆ ಆಗಲ್ಲ. ಅಮ್ಮ ಆಚೆ ಹೋದಾಗ ಕಿಟಕೀಲಿ ಹಸುಗೆ ಹಾಕ್ಬಿಟ್ಟೆ.”

ಹಾಗಾದರೆ ಈ ಹಸಿರು ಎಲ್ಲಿಯದು?

ಹೆಂಡತಿ ಕೂಸನ್ನು ಎತ್ತಿ ಶಾಲಿನಲ್ಲಿ ಸುತ್ತಿದಳು. “ಪುರುಡು ಹಾಳಾಗಿಹೋಗ್ಲಿ, ಜಟಕಾ ಕರೀರಿ!” ಎಂದವಳೂ ಅವಳೇ.

ದೊಡ್ಡಾಸ್ಪತ್ರೆಯ ಸರ್ಜನ್ ಹಸಿರು ವಾಂತಿಯಾಗಿದ್ದ ಬಟ್ಟೆ ನೋಡಿದರು, ಹೊಟ್ಟೆ ಮುಟ್ಟಿದರು, ಎಕ್ಸ್‌ರೇ ತೆಗೆಸಿದರು. “ಇದು ಪಿತ್ತ. ಹುಟ್ಟುವಾಗಲೇ ಸಣ್ಣ ಕರುಳು ಒಂದು ಕಡೆ ಮುಚ್ಕೊಂಡಿದೆ. ಹಾಲು ಕೆಳಗೆ ಹೋಗಕ್ಕೆ ದಾರಿಯೇ ಇಲ್ಲ. ಆ ಭಾಗ ತೆಗೆದು, ಎರಡು ತುದೀನೂ ಸೇರಿಸಿ ಹೊಲೀಬೇಕು” ಎಂದರು.

“ಇಷ್ಟು ಎಳೇ ಕೂಸಿಗೆ ಆಪರೇಷನ್ನಾ ಸಾರ್? ಉಳಿಯತ್ತಾ?” ಎಂದೆ.

“ಮಾಡಿದ್ರೆ ಉಳೀಬಹುದು. ಬಿಟ್ರೆ ಉಳಿಯಲ್ಲ.”

ಸುತ್ತಿ ಬಳಸಿ ಮಾತಾಡದ ಆ ಪುಣ್ಯಾತ್ಮನಿಗೆ ನಮಸ್ಕಾರ. ನನ್ನ ಕಿರುಬೆರಳಿಗಿಂತ ತೆಳ್ಳಗಿನ ಕರುಳನ್ನು ಹೊಲಿಯುವುದೆಂದರೇನು! (ನನಗೆ ಅಂಗಿಯ ಗುಂಡಿ ಹೊಲಿಯಲೂ ಬರುವುದಿಲ್ಲ.)

ಆಪರೇಷನ್ ಮುಗಿದ ಮೇಲೂ ಅವರು ನಗಲಿಲ್ಲ. “ಹೊಲಿಗೆ ಹಿಡೀಬೇಕು, ಕರುಳು ಕೆಲಸ ಶುರುಮಾಡ್ಬೇಕು. ಬಟ್ಟೆ ಕೊಳೆಯಾಗ್ಲಿ, ಆಮೇಲೆ ನಗೋಣ” ಎಂದರು. ಅಲ್ಲಿಂದ ನಮಗೆ ಬೇರೆ ಧ್ಯಾನವೇ ಇಲ್ಲ. ಮಡಿ ಸೀರೆಗೆ ನನ್ನ ನೆರಳೂ ಸೋಕಬಾರದೆನ್ನುವ ನನ್ನ ಹೆಂಡತಿ, ಮಗುವಿನ ಒಣ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ನರ್ಸಮ್ಮ ಕೂಗಿದರು. “ಅಜ್ಜಿ, ಬನ್ನಿ ಇಲ್ಲಿ! ನಿಮ್ಮ ಮೊಮ್ಮಗ ಏನ್ ಮಾಡಿದಾನೆ ನೋಡಿ!”

ಹೆಂಡತಿ ಆ ಕೊಳೆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಜೋರಾಗಿ ಅತ್ತಳು. ಆಮೇಲೆ ನಕ್ಕಳು. ನನ್ನನ್ನು ಸಕ್ಕರೆ ತರಲು ಓಡಿಸಿದಳು. (ಕೈ ತೊಳೆದುಕೊಂಡೇ ಹಂಚಿದಳು, ಗಾಬರಿಯಾಗಬೇಡಿ.) ಸರ್ಜನ್ ಕೂಡ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಕ್ಕರು.

ಈಗ ಮಗು ಮನೆಯಲ್ಲಿದೆ. ಹಿತ್ತಲ ತಂತಿಯ ತುಂಬ ಅವನದೇ ಬಟ್ಟೆ. ನನ್ನ ಪಂಚೆ ಒಣಗಿಸಲು ಜಾಗವಿಲ್ಲ. ಒಗೆಯುವವಳು ನನ್ನ ಹೆಂಡತಿಯೇ; ಒಮ್ಮೆಯೂ ಗೊಣಗಿಲ್ಲ.

ನಿಮ್ಮ ಮನೆ ಕೂಸು ಇವತ್ತು ಬಟ್ಟೆ ಕೊಳೆ ಮಾಡಿತೇ? ಮೊದಲು ಕೈ ಮುಗಿಯಿರಿ, ಮೂಗು ಆಮೇಲೆ ಮುಚ್ಚಿಕೊಳ್ಳಬಹುದು.