803ರ ಬಾಗಿಲು ತೆರೆದಿದೆ, ದಯವಿಟ್ಟು ಗಮನಿಸಿ

ಈ ದೀಪಾವಳಿಗೆ ನಾನೊಂದು ಸಮಾಜಸೇವೆ ಮಾಡಿದೆ. ಪವಾಯಿಯ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ.

“803ರ ಬಾಗಿಲು ಬೆಳಿಗ್ಗೆಯಿಂದ ತೆರೆದೇ ಇದೆ. ಸೆಕ್ಯೂರಿಟಿಯವರು ದಯವಿಟ್ಟು ಗಮನಿಸಿ.” ಕೊನೆಗೆ ಕೈಮುಗಿಯುವ ಎಮೋಜಿ. (ನಾವು ದೂರು ಕೊಡುವುದೂ ಕೈಮುಗಿದುಕೊಂಡೇ.)

ಟಪಟಪ ಅಂತ ಹೆಬ್ಬೆರಳುಗಳು ಬಂದವು. “ಗುಡ್ ಕ್ಯಾಚ್” ಅಂದರು ಸೆಕ್ರೆಟರಿ. ಮಹಾ ಕಳ್ಳನನ್ನು ಹಿಡಿದುಕೊಟ್ಟೆ ಎನ್ನುವ ಸಮಾಧಾನದಲ್ಲಿ ಹೋಗಿ ಅಡ್ಡಾದೆ.

803ರಲ್ಲಿ ಇರುವವಳು ಇಂದ್ರಾಣಿ. ಹೆಸರು ಕೇಳಿ ನಮ್ಮವಳೇ ಅಂದುಕೊಳ್ಳಬೇಡಿ. ಅಥವಾ ಅಂದುಕೊಳ್ಳಿ, ಅದೇ ಸರಿಯೇನೋ. ಊರು ಟ್ರಿನಿಡಾಡ್. ವೆಸ್ಟ್ ಇಂಡೀಸ್ ಅಂದರೆ ನಮಗೆ ಕ್ರಿಕೆಟ್ ಬಿಟ್ಟು ಬೇರೇನು ಗೊತ್ತು? ಅವಳ ಮುತ್ತಜ್ಜನ ಅಪ್ಪನನ್ನು ಕಬ್ಬು ಕಡಿಯಲು ಹಡಗಿನಲ್ಲಿ ಅಲ್ಲಿಗೆ ಒಯ್ದಿದ್ದರಂತೆ. ಇಲ್ಲಿಯ ಯಾವ ಹಳ್ಳಿಯಿಂದ ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಬಂದಳು, ಒಂದು ವರ್ಷ ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳಲು. ನಲವತ್ತರ ಆಸುಪಾಸು, ಒಬ್ಬಳೇ. ನನ್ನನ್ನು ದೀದಿ ಅನ್ನುತ್ತಾಳೆ.

ಅವಳ ದ್ವೀಪದ ಅಷ್ಟೂ ಹಬ್ಬಗಳನ್ನು ನಾನು ಲಿಫ್ಟಿನಲ್ಲೇ ಕಲಿತೆ. ಕಾರ್ನಿವಲ್‌ಗೆ ಊರಿಗೆ ಊರೇ ಬೀದಿಯಲ್ಲಿ ಕುಣಿಯುವುದು, ಕ್ರಿಸ್‌ಮಸ್‌ಗೆ ಹಿಂದೂಗಳೂ ಮನೆಗೆ ಬಣ್ಣ ಹೊಡೆದು ಹೊಸ ಪರದೆ ಹಾಕುವುದು, ರಮ್‌ನಲ್ಲಿ ನೆನೆಸಿದ ಹಣ್ಣಿನ ಕಪ್ಪು ಕೇಕು ಮನೆಯಿಂದ ಮನೆಗೆ ಹೋಗುವುದು. ಎಂಟನೇ ಮಹಡಿ ಬಂದರೆ ಪಾಠ ಮುಗಿಯಿತು. ಅವಳು ಎಡಕ್ಕೆ, ನಾನು ಬಲಕ್ಕೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅಂದಿದ್ದಳು, “ದೀದಿ, ದೀಪಾವಳಿಗೆ ನಾನು ಅಡುಗೆ ಮಾಡ್ತಿದ್ದೀನಿ.” ಅವಳು ಮಾತಾಡುವುದು ಇಂಗ್ಲಿಷು, ಕನ್ನಡ ನನ್ನದು.

“ವೆರಿ ನೈಸ್” ಅಂದೆ ನಾನು.

ಹಬ್ಬದ ದಿನ ಬೆಳಿಗ್ಗೆ ಹಾಲು ತರಲು ಹೋದಾಗ ಅವಳ ಬಾಗಿಲು ತೆರೆದಿತ್ತು. ಮಧ್ಯಾಹ್ನ ಕಸ ಇಡಲು ಹೋದಾಗಲೂ ತೆರೆದಿತ್ತು. ಹೊಸ್ತಿಲಾಚೆ ಒಂದು ಜೊತೆ ಚಪ್ಪಲಿಯೂ ಇಲ್ಲ. ಒಳಗಿನಿಂದ ಜೀರಿಗೆ ಹುರಿದ ವಾಸನೆ. “ಇಣುಕಿ ನೋಡಲೇನು?” ಅಂತ ಮನೆಯವರನ್ನು ಕೇಳಿದೆ. ನಮ್ಮವರು ಧಾರವಾಡದವರು, ಮರ್ಯಾದೆಯ ಮನುಷ್ಯ.

“ಕರದಾಳೇನ ಆಕಿ? ಕರೀಲಾರದ ಮನೀಗೆ ಹಬ್ಬದ ದಿನಾ ಹ್ಯಾಂಗ ಹೋಗೂದು?”

ಅದೂ ಖರೇ ಅನ್ನಿಸಿತು. ಆಮೇಲೆ ಭಯವೂ ಆಯಿತು. ಮುಂಬೈಯಲ್ಲಿ ಇಷ್ಟು ಹೊತ್ತು ಬಾಗಿಲು ತೆರೆದಿದೆ ಅಂದರೆ ಏನೋ ಆಗಿರಬೇಕಲ್ಲ? ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ. ನಾನು ಫೋನ್ ಎತ್ತಿಕೊಂಡೆ.

ಸಂಜೆ ಆರಕ್ಕೆ ವಾಚ್‌ಮನ್ ಸಂಗಪ್ಪ ಬಂದರು. ಇಂಡಿ ಕಡೆಯವರು, ನನ್ನ ಜೊತೆ ಕನ್ನಡ ಮಾತಾಡಲು ಏನಾದರೊಂದು ನೆಪ ಹುಡುಕುತ್ತಾರೆ. ಇವತ್ತು ಮುಖ ಸಣ್ಣಗಿತ್ತು.

“ಅಕ್ಕಾರ, ಬಾಗ್ಲಾ ಮುಚ್ಚಸಾಕಂತ ಹ್ವಾದ್ನಿ. ಕೈ ಹಿಡದು ಒಳಗ ಕರಕೊಂಡು ಎಲಿ ಹಾಕಿ ಕುಂಡ್ರಿಸಿಬಿಟ್ರು. ಮದಲನೇ ಮನಷ್ಯಾ ನೀನ ಅಂತ ಹರಕ ಮುರಕ ಹಿಂದಿಯೊಳಗ ಅಂದ್ರು. ನೂರು ಮಂದಿ ಅಡಗಿ ಐತ್ರಿ ಅಲ್ಲಿ. ಉಳದಾವ್ರು ಯಾವಾಗ ಬರ್ತಾರ ಅಂತ ಕೇಳಿದ್ರು. ನಾ ಏನ್ ಹೇಳ್ಲಿರಿ?”

“ಬಾಗಿಲು ಮುಚ್ಚಿಸಿದ್ರಾ?”

“ಉಂಡ ಮನೀ ಬಾಗ್ಲಾ ಹ್ಯಾಂಗ ಮುಚ್ಚಸ್ಲಿ ಅಕ್ಕಾರ?”

ಬರಿಗೈಲಿ ಹೋಗುವುದು ಹೇಗೆ? ಮನೆಯಲ್ಲಿ ಸೋನ್‌ಪಾಪ್ಡಿ ಡಬ್ಬಿಯಿತ್ತು. ಆರನೇ ಮಹಡಿಯವರು ಕೊಟ್ಟದ್ದು, ಅವರಿಗೆ ಇನ್ಯಾರೋ ಕೊಟ್ಟದ್ದು. ಹೆಸರಿನ ಸ್ಟಿಕ್ಕರ್ ಕೆರೆದು ತೆಗೆದು ಅದನ್ನೇ ಒಯ್ದೆ.

ಹಾಲ್‌ನಲ್ಲಿ ನೆಲದ ಮೇಲೆ ಎರಡು ಸಾಲು ಬಾಳೆ ಎಲೆ. ಅವಳ ಊರಿನಲ್ಲಿ ಬೇರೇನೋ ಅಗಲದ ಎಲೆಯಂತೆ. ಅದು ಸಿಗದೆ ಚೆಂಬೂರಿಗೆ ಹೋಗಿ ಬಾಳೆ ಎಲೆ ತಂದಿದ್ದಳು. ತುದಿಗಳು ಆಗಲೇ ಒಣಗಿ ಸುರುಳಿಯಾಗಿದ್ದವು. ಕುಂಬಳಕಾಯಿ ಪಲ್ಯ, ಕಡಲೆ, ಮಾವಿನಕಾಯಿ ಗೊಜ್ಜಿನಂಥದ್ದು, ಪಾಯಸ. ಹಣತೆಗಳೆಲ್ಲ ಒಳಗೇ ಇದ್ದವು. ಕಾರಿಡಾರಿನಲ್ಲಿ ಇಟ್ಟರೆ ಟೈಲ್ಸಿಗೆ ಎಣ್ಣೆ ಅಂಟುತ್ತದೆ ಅಂತ ಸೊಸೈಟಿಯವರು ಬೇಡ ಅಂದಿದ್ದರು.

“ಕೂತ್ಕೊಳ್ಳಿ ದೀದಿ, ಕೂತ್ಕೊಳ್ಳಿ!” ಅವಳು ಅದೆಷ್ಟು ಖುಷಿಯಾದಳೆಂದರೆ ನನಗೆ ನೆಲ ನೋಡುವುದೇ ಸುಲಭವಾಯಿತು.

ಅವಳು ಬಡಿಸಿದ ರೊಟ್ಟಿ ಮುರಿದೆ. ಒಳಗಿನಿಂದ ಪುಡಿಪುಡಿ ಬೇಳೆ ಉದುರಿತು. ನಮ್ಮ ಹೋಳಿಗೆಯೇ! ಬೆಲ್ಲವಿಲ್ಲ, ಬದಲಿಗೆ ಜೀರಿಗೆ. ಐದು ತಲೆಮಾರಿನಲ್ಲಿ ಭಾಷೆ ಹೋಗಿದೆ, ಊರಿನ ಹೆಸರು ಹೋಗಿದೆ, ಬೇಳೆ ತುಂಬಿ ಲಟ್ಟಿಸುವ ಕೈ ಮಾತ್ರ ಹಾಗೇ ಉಳಿದಿದೆ. ನಮ್ಮ ಮನೆಯ ಹೋಳಿಗೆ ಅವತ್ತು ಆ್ಯಪ್‌ನಿಂದ ಬಂದಿತ್ತು, ಮೇಲೆ ‘ಮನೆಯ ರುಚಿ’ ಅಂತ ಬರೆದಿತ್ತು. ನನಗೆ ನಾಚಿಕೆಯಾಯಿತು.

“ಯಾರನ್ನೂ ಕರೆದಿರಲಿಲ್ವಾ?” ಮೆಲ್ಲಗೆ ಕೇಳಿದೆ.

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕರೆಯೋದಾ? ದೀಪಾವಳಿಗಾ? ಬಾಗಿಲು ತೆಗೆದಿಟ್ಟಿದ್ನಲ್ಲ!”

ಅವಳ ಊರಿನಲ್ಲಿ ಅಷ್ಟೇ ಅಂತೆ. ಅಡುಗೆ ಮಾಡುತ್ತೇನೆ ಅಂದರೆ ಬಾ ಅಂತ. ಬಾಗಿಲು ತೆರೆದಿದೆ ಅಂದರೆ ಎಲೆ ಹಾಕಿದೆ ಅಂತ. ಚರ್ಚಿನವರು, ಮಸೀದಿಯವರು, ದಾರಿಹೋಕರು, ಎಲ್ಲರೂ ಬಂದು ಉಂಡು ಹೋಗುತ್ತಾರೆ. ಕರೆದರೆ ಬೇಜಾರು ಮಾಡಿಕೊಳ್ಳುತ್ತಾರಂತೆ, ನಾವೇನು ಹೊರಗಿನವರಾ ಅಂತ.

ನಾನು ಬೆಳೆದದ್ದು ಬೈಕುಲ್ಲಾದ ಸಾಲುಕೋಣೆಗಳ ಚಾಳಿನಲ್ಲಿ. ಅಲ್ಲಿ ಬಾಗಿಲು ಮುಚ್ಚಿದರೆ ಯಾರೋ ಸತ್ತಿದ್ದಾರೆ ಅಂತ ಬಡಿಯುತ್ತಿದ್ದರು. ಅದೇ ನಾನು ಈಗ ತೆರೆದ ಬಾಗಿಲು ಕಂಡು ಸೆಕ್ಯೂರಿಟಿಯನ್ನು ಕರೆದೆ. ಇದು ಯಾವಾಗ ಆಯಿತು? ಯಾವ ಮಹಡಿಯಲ್ಲಿ?

ಅಷ್ಟರಲ್ಲಿ ಫೋನ್. ಟ್ರಿನಿಡಾಡ್‌ನಿಂದ ಅವಳ ತಾಯಿ, ವಿಡಿಯೋದಲ್ಲಿ. ಅಲ್ಲಿ ಇನ್ನೂ ಬೆಳಿಗ್ಗೆ, ಮೊಣಕೈವರೆಗೆ ಹಿಟ್ಟು. ಎಪ್ಪತ್ತು ದಾಟಿದ ಜೀವ, ಭಾರತ ಕಂಡಿಲ್ಲ. ಮಗಳ ಮೊದಲ ಭಾರತದ ದೀಪಾವಳಿ ನೋಡಬೇಕೆಂದು ತಿಂಗಳಿನಿಂದ ಕಾಯುತ್ತಿದ್ದಳಂತೆ.

“ಜನ ತೋರಿಸು, ಜನ ತೋರಿಸು!” ಅಂದಳು ಮುದುಕಿ.

ಇಂದ್ರಾಣಿ ನನ್ನ ಮುಖದ ಹತ್ತಿರ, ತೀರಾ ಹತ್ತಿರ ಫೋನ್ ಹಿಡಿದಳು. ಹಿಂದಿನ ಖಾಲಿ ಎಲೆಗಳು ಕಾಣದಷ್ಟು.

“ಒಬ್ಬಳೇನಾ?” ಮುದುಕಿ ಕೇಳಿದಳು.

“ಎಲ್ಲರೂ ಉಂಡು ಈಗಷ್ಟೇ ಹೋದರಮ್ಮ,” ಅಂದುಬಿಟ್ಟೆ. “ಜಾಗವೇ ಇರಲಿಲ್ಲ.”

ಮುದುಕಿಯ ಕಣ್ಣು ತುಂಬಿತು. “ನಾನು ಹೇಳಿರಲಿಲ್ವಾ ಇಂದೂ? ಬಾಗಿಲು ತೆರೆದಿಡೋದನ್ನ ನಮ್ಮ ಹಿರಿಯರು ಅಲ್ಲಿಂದಲೇ ತಂದದ್ದು. ಅಲ್ಲಿಯವರು ಮರೀತಾರಾ?”

ಇಂದ್ರಾಣಿ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ಪಾತ್ರೆ ತೊಳೆಯುವ ಸದ್ದು ಕೇಳಲಿಲ್ಲ. ಮೆಸೇಜ್ ಹಾಕಿದ್ದು ನಾನೇ ಅಂತ ಅವತ್ತೇ ಹೇಳಬೇಕಿತ್ತು. ಬಾಡಿಗೆಯವರು ಆ ಗ್ರೂಪಿನಲ್ಲಿ ಇಲ್ಲ, ಅವಳಿಗೆ ಹೇಗೆ ಗೊತ್ತಾಗುತ್ತದೆ ಅಂದುಕೊಂಡೆ. ಅವಳದೇ ಒಂದು ಡಬ್ಬಿಯ ತುಂಬ ಪಾಯಸ ತುಂಬಿಸಿಕೊಂಡು ಬಂದೆ.

ಕಳೆದ ಭಾನುವಾರ ಸೊಸೈಟಿ ಮೀಟಿಂಗ್. ಈ ಸಲ ಬಾಡಿಗೆಯವರನ್ನೂ ಕರೆದಿದ್ದರು, ವಿಷಯ ಸುರಕ್ಷತೆ. ಸೆಕ್ರೆಟರಿ ಮೈಕ್ ಹಿಡಿದು, ಹಬ್ಬದ ದಿನ 803ರ ಬಾಗಿಲು ತೆರೆದಿದ್ದುದನ್ನು ಗಮನಿಸಿ ತಕ್ಷಣ ತಿಳಿಸಿದ ಜಾಗೃತ ನೆರೆಯವರು ಅಂತ ನನ್ನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಇಂದ್ರಾಣಿ ನನ್ನನ್ನು ನೋಡಿದಳು. ಆಮೇಲೆ ಅವಳೂ ತಟ್ಟಿದಳು.

ಅವತ್ತಿನಿಂದ ದಿನಾ ಅವಳ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದೇನೆ. ಈಗ ಅದು ಮುಚ್ಚಿರುತ್ತದೆ, ಒಳಗಿನಿಂದ ಚಿಲಕ.

ತೆರೆದಿದ್ದಾಗ ತಾನಾಗಿ ಒಳಗೆ ಹೋಗದವಳು, ಮುಚ್ಚಿದ ಮೇಲೆ ಯಾವ ಮುಖ ಇಟ್ಟುಕೊಂಡು ಬೆಲ್ ಒತ್ತಲಿ?